ಅವ್ವ ಹೂ ಕೇಳಿದ್ದು

ನಮ್ಮ ಮನೆಯಲ್ಲಿ ಇಂದಿನವರೆಗೂ ಯಾವ ದೊಡ್ಡ ತೀರ್ಮಾನವನ್ನೂ ಮನುಷ್ಯರು ತೆಗೆದುಕೊಂಡದ್ದಿಲ್ಲ. ನಿಟ್ಟೂರಿನಿಂದ ಸ್ವಲ್ಪ ಒಳಗಿರುವ ನಮ್ಮೂರಿನ ಅಮ್ಮನ ಗುಡಿಯಲ್ಲಿ ಹೂ ಕೇಳುವ ಪದ್ಧತಿ ಇದೆ. ಪೂಜಾರಪ್ಪ ಕಣಗಿಲೆ ಹೂಗಳನ್ನು ನೀರಿನಲ್ಲಿ ಅದ್ದಿ ಅಮ್ಮನ ಎರಡೂ ಭುಜಕ್ಕೆ ಅಂಟಿಸುತ್ತಾರೆ. ಕೇಳುವವರು ಎದುರಿಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಮನಸ್ಸಿನಲ್ಲೇ ಪ್ರಶ್ನೆ ಇಟ್ಟು ಕಾಯಬೇಕು. ಅಮ್ಮನ ಬಲಗಡೆಯಿಂದ ಹೂ ಬಿದ್ದರೆ ಆಗಲಿ ಎಂದು ಅರ್ಥ, ಎಡಗಡೆಯಿಂದ ಬಿದ್ದರೆ ಬೇಡ ಎಂದು. ಬೀಳುವವರೆಗೆ ಏಳುವ ಹಾಗಿಲ್ಲ.

ನಮ್ಮವ್ವ ಇದರಲ್ಲಿ ಪಳಗಿದವಳು. ಹಸು ಮಾರುವುದರಿಂದ ಹಿಡಿದು ಮಿಕ್ಸಿ ಕೊಳ್ಳುವವರೆಗೆ ಎಲ್ಲದಕ್ಕೂ ಹೂ ಕೇಳುತ್ತಾಳೆ. ನನ್ನನ್ನು ನೋಡಲು ಸಿ.ಎಸ್. ಪುರದಿಂದ ಒಬ್ಬ ಗಂಡು ಬಂದಿದ್ದ. ನೋಡಲು ಚೆನ್ನಾಗಿದ್ದ, ನನಗೂ ಒಪ್ಪಿಗೆಯಿತ್ತು. ಹೂ ಎಡಗಡೆ ಬಿತ್ತು. ಆಗ ಮೂರು ಹೊತ್ತೂ ಊಟ ಬಿಟ್ಟು ಅತ್ತಿದ್ದೆ. ಈಗ ಆತನನ್ನು ಕುಣಿಗಲ್ ಬಸ್ ಸ್ಟ್ಯಾಂಡಿನಲ್ಲಿ ಆಗಾಗ ನೋಡುತ್ತೇನೆ, ಕಂಡಕ್ಟರ್ ಜೊತೆ ಚಿಲ್ಲರೆಗೆ ಜಗಳವಾಡುತ್ತಿರುತ್ತಾನೆ. ನೋಡಿದಾಗಲೆಲ್ಲ ನಿಂತಲ್ಲೇ ಅಮ್ಮನಿಗೊಂದು ಕೈ ಮುಗಿಯುತ್ತೇನೆ. ಹಾಗಾಗಿ ಈ ಪದ್ಧತಿಯ ಮೇಲೆ ನನಗೆ ದ್ವೇಷವೇನಿಲ್ಲ. ಆದರೆ ಅವ್ವನ ಮಂಡಿಯ ವಿಷಯಕ್ಕೆ ಬಂದಾಗ ಮಾತ್ರ ನನ್ನ ತಾಳ್ಮೆ ಕೆಟ್ಟಿತು.

ಅವ್ವ ಊರಿನಲ್ಲಿ ನನ್ನ ತಮ್ಮನ ಸಂಸಾರದ ಜೊತೆ ಇದ್ದಾಳೆ. ನಾನು ತುಮಕೂರಿನಲ್ಲಿ ಹೈಸ್ಕೂಲ್ ಟೀಚರು. ಕಳೆದ ವರ್ಷದಿಂದ ಅವ್ವನ ಎರಡೂ ಮಂಡಿ ಸವೆದು ಹೋಗಿ, ಬಚ್ಚಲಿಗೆ ಹೋಗಬೇಕಾದರೂ ಗೋಡೆ ಹಿಡಿದು ನಡೆಯುತ್ತಿದ್ದಳು. ಎದ್ದು ನಿಲ್ಲುವಾಗ ಹಲ್ಲು ಕಚ್ಚುತ್ತಿದ್ದಳು. ತುಮಕೂರಿನ ಮೂಳೆ ಡಾಕ್ಟರು ಎಕ್ಸ್-ರೇ ನೋಡಿ, ಆಪರೇಷನ್ ಮಾಡಿಸಿ, ತಡಮಾಡಿದರೆ ಹಾಸಿಗೆ ಹಿಡಿಯುತ್ತಾರೆ ಎಂದರು. ಅವರು ಹೇಳಿದ್ದಕ್ಕೆಲ್ಲ ಅವ್ವ ವಿಧೇಯಳಾಗಿ ತಲೆಯಾಡಿಸಿದಳು. ಹೊರಗೆ ಬಂದು ಆಟೋ ಹತ್ತುವಾಗ, "ಅಮ್ಮನ್ನ ಒಂದ್ ಮಾತು ಕೇಳ್ಬೇಕು ಕಣೇ" ಎಂದಳು.

ಎಡಗಡೆ ಬಿದ್ದರೆ ಏನು ಗತಿ? ನನಗೂ ತಮ್ಮನಿಗೂ ನಿದ್ದೆ ಹಾರಿಹೋಯಿತು. ಅವ್ವ ಒಮ್ಮೆ ಬೇಡ ಎಂದುಕೊಂಡರೆ ಅವಳನ್ನು ಎಬ್ಬಿಸಲು ಅವಳ ಮಂಡಿಯಿಂದಲೂ ಆಗುವುದಿಲ್ಲ, ನಮ್ಮಿಂದಲೂ ಆಗುವುದಿಲ್ಲ. ತಮ್ಮನಿಗೆ ಬಿದರೆಹಳ್ಳಿ ಕಾವಲ್‌ನ ಹೆಲಿಕಾಪ್ಟರ್ ಕಾರ್ಖಾನೆಯಲ್ಲಿ ಕೆಲಸ. ಯಾವುದೂ ಸಡಿಲವಾಗಿ ಕಳಚಿ ಬೀಳದಂತೆ ನೋಡಿಕೊಳ್ಳುವುದಕ್ಕೆ ಸಂಬಳ ತೆಗೆದುಕೊಳ್ಳುವವನು, ಈಗ ಹೂವೊಂದು ಸಡಿಲವಾಗಿ ಕಳಚಿ ಬೀಳುವಂತೆ ಮಾಡಲು ಹೊರಟ. ನಾವಿಬ್ಬರೂ ಪೂಜಾರಪ್ಪನ ಮನೆಗೆ ಹೋದೆವು.

ಪೂಜಾರಪ್ಪ ಮೊದಲು ಕಿವಿ ಮುಚ್ಚಿಕೊಂಡರು. "ಅಮ್ಮಂಗೇ ಟೋಪಿ ಹಾಕು ಅಂತೀರಲ್ಲ, ನಾನು ಮಕ್ಳೊಂದಿಗ ಅಲ್ವೇನ್ರಪ್ಪ?"

"ಟೋಪಿ ಅಲ್ಲ ಪೂಜಾರಪ್ಪ. ಎಡಗಡೆ ಹೂಗೆ ಚೆನ್ನಾಗಿ ನೀರು ಹಾಕಿ, ಬಲಗಡೆಗೆ ಸ್ವಲ್ಪ ಕಮ್ಮಿ ಮಾಡಿ. ಅಷ್ಟೇಯ" ಎಂದ ತಮ್ಮ.

ಅವ್ವ ಗುಡಿಯ ಮೆಟ್ಟಿಲು ಹತ್ತುವ ಪಾಡನ್ನು ಅವರೂ ಮಂಗಳವಾರ ಮಂಗಳವಾರ ನೋಡುತ್ತಿದ್ದವರೇ. ಕೊನೆಗೆ, "ನಾನೇನೂ ಮಾಡಾಕಿಲ್ಲ. ಅವತ್ತು ನೀರು ಸಾಲ್ದೆ ಹೋದ್ರೆ ಅದು ಬೋರ್‌ವೆಲ್ ತಪ್ಪು" ಎಂದು ಒಳಗೆ ಎದ್ದು ಹೋದರು.

ಮಂಗಳವಾರ ಬಂತು. ಅವ್ವ ನನ್ನ ಭುಜ ಹಿಡಿದು, ಕಂಬ ಹಿಡಿದು, ಕೊನೆಗೆ ನೆಲ ಹಿಡಿದು ಕೂತಳು. ಅಮ್ಮನನ್ನು ಒಂದು ಸಲ ಮೇಲಿಂದ ಕೆಳಗೆ ದಿಟ್ಟಿಸಿ ನೋಡಿ ಕಣ್ಣು ಮುಚ್ಚಿದಳು. ಪೂಜಾರಪ್ಪ ಇನ್ನೂ ಗಂಟೆ ಎತ್ತಿಕೊಂಡಿರಲಿಲ್ಲ, ಬಲಭುಜದ ಹೂ ಬಿತ್ತು. ಒಂದಲ್ಲ, ಆ ಕಡೆಯಿದ್ದ ಅಷ್ಟೂ ಹೂ ದೊಪ್ಪೆಂದು ಒಟ್ಟಿಗೆ ಬಿದ್ದವು. ಅಷ್ಟು ಉದಾರವಾದ ಒಪ್ಪಿಗೆಯನ್ನು ಆ ಗುಡಿಯಲ್ಲಿ ಯಾರೂ ಕಂಡಿರಲಿಕ್ಕಿಲ್ಲ. ತಮ್ಮ ಓಡಿಹೋಗಿ ಗಂಟೆ ಬಾರಿಸಿದ. ನಾನು ಡಾಕ್ಟರಿಗೆ ಮಾಡಲು ಫೋನ್ ತೆಗೆದೇಬಿಟ್ಟಿದ್ದೆ.

ಅವ್ವ ಕಣ್ಣು ಬಿಟ್ಟು, "ಬ್ಯಾಡ ಅಂದ್ಬುಟ್ಲು ಕಣ್ರಪ್ಪ" ಎಂದಳು.

"ಬಲಗಡೆ ಬಿತ್ತಲ್ಲವ್ವಾ!" ಎಂದು ಕಿರುಚಿದೆ.

"ನಾನು ಕೇಳಿದ್ದೇ ಹಂಗೆ. ಈ ಆಪರೇಷನ್ನು ಬ್ಯಾಡ ಅನ್ನೋದಾದ್ರೆ ಬಲಗಡೆ ಕೊಡು ತಾಯಿ ಅಂತ."

ಪೂಜಾರಪ್ಪ ತಟ್ಟೆಯ ಕುಂಕುಮವನ್ನೇ ನೋಡುತ್ತ ನಿಂತರು. ತಮ್ಮ ಗಂಟೆಯ ಹಗ್ಗ ಬಿಡುವುದನ್ನೇ ಮರೆತಿದ್ದ.

ಮನೆಯ ಜಗಲಿ ತಲುಪಿದ ಮೇಲೆ ನನ್ನ ಕೋಪ ಉಕ್ಕಿತು. ಶಾಲೆಯ ಹುಡುಗರಿಗೆ ಬೈಯುವ ದನಿಯಲ್ಲೇ ಎಲ್ಲವನ್ನೂ ಒದರಿಬಿಟ್ಟೆ. ಹೂ ಬೀಳಿಸಿದ್ದು ಅಮ್ಮ ಅಲ್ಲ, ನಾವು. ನೀರು ಕಮ್ಮಿ ಹಾಕಿಸಿದ್ದು ನಾವು. ಅದು ಲೆಕ್ಕಕ್ಕಿಲ್ಲ, ನಾಳೆಯೇ ಆಸ್ಪತ್ರೆಗೆ ನಡಿ ಎಂದೆ.

ಅವ್ವ ಎಲೆಗೆ ಸುಣ್ಣ ಹಚ್ಚುತ್ತ ಕೇಳಿಸಿಕೊಂಡಳು. "ಗೊತ್ತು ಬುಡೇ. ಇಷ್ಟು ವರ್ಸ ಹೂ ಕೇಳಿದೀನಿ, ಒಣಹೂ ಯಾವ್ದು ಹಸಿಹೂ ಯಾವ್ದು ಅಂತ ಕಾಣಾಕಿಲ್ವಾ ನಂಗೆ? ಎಡಗಡೆ ನೀರು ಸೋರ್ತಿತ್ತು, ಬಲಗಡೆ ಒಂದು ಹನಿ ಇರ್ಲಿಲ್ಲ. ಅದ್ಕೇ ಪ್ರಶ್ನೇನ ತಿರುಗಿಸ್ಬುಟ್ಟೆ."

ನನಗೆ ಸಿಟ್ಟು ಬರಬೇಕಿತ್ತು. ನಗು ಬಂದುಬಿಟ್ಟಿತು. ತಮ್ಮ ಹಣೆ ಚಚ್ಚಿಕೊಂಡ. ಅವ್ವ ಮಾತ್ರ ನಗಲಿಲ್ಲ.

"ಅಷ್ಟು ಹೆದ್ರಿಕೆನಾ ಅವ್ವ, ಕೊಯ್ತಾರೆ ಅಂತ?" ಎಂದು ಕೇಳಿದೆ.

"ಕೊಯ್ಯೋದ್ಕೆ ಯಾರು ಹೆದ್ರುತಾರೆ? ನಿಮ್ಮಿಬ್ರನ್ನೂ ಹೆತ್ತವ್ಳು ನಾನು. ಆಮ್ಯಾಕೆ ನೆಲದ ಮ್ಯಾಲೆ ಕೂರಂಗಿಲ್ಲ ಅಂದ್ರಲ್ಲ ಡಾಕ್ಟ್ರು. ಕೂರ್ದೆ ಹೂ ಕೇಳೋದು ಹೆಂಗೆ? ನಿಮ್ಮಪ್ಪ ಹೋದ್ಮ್ಯಾಲೆ ನಾನು ಮನಸು ಬಿಚ್ಚಿ ಮಾತಾಡೋದು ಅವ್ಳ ಮುಂದೆ ಒಂದೇಯ. ನಿಂತ್ಕಂಡು, ಬಸ್ಸಿಗೆ ಕಾಯೋರಂಗೆ ಮಾತಾಡ್ಲಾ?"

ಡಾಕ್ಟರು ಹೇಳಿದ ಅಷ್ಟು ಮಾತುಗಳಲ್ಲಿ ಅವಳು ಕೇಳಿಸಿಕೊಂಡಿದ್ದು ಅದೊಂದನ್ನೇ. ಪಕ್ಕದಲ್ಲೇ ಕೂತಿದ್ದ ನನಗೆ ಅದು ಕೇಳಿಸಿಯೂ ಇರಲಿಲ್ಲ. ಅವಳ ಕೈಯಿಂದ ಎಲೆಯಡಿಕೆ ಕಿತ್ತುಕೊಂಡು ನಾನೇ ಮಡಚಿಕೊಟ್ಟೆ.

ಮಾರನೆಯ ದಿನ ಅವ್ವನಿಗೇ ಭಯ ಶುರುವಾಯಿತು. ನಾವು ಮೋಸ ಮಾಡಿದೆವು ಸರಿ, ಅವಳೂ ಮಾಡಿದ್ದಳಲ್ಲ. ಪೂಜಾರಪ್ಪನಿಗಂತೂ ಜ್ವರವೇ ಬಂದಿತ್ತು. ಎಲ್ಲರೂ ಸೇರಿ ತಪ್ಪಾಯ್ತು ಎಂದು ಕಾಯಿ ಒಡೆದು, ಮುಂದಿನ ಮಂಗಳವಾರ ನೆಟ್ಟಗೆ ಕೇಳುವುದೆಂದು ತೀರ್ಮಾನವಾಯಿತು. ಡಾಕ್ಟರು ಅಂದೇ ಮಧ್ಯಾಹ್ನ ಬರಹೇಳಿದ್ದರು. ಹೂ ಬಲಗಡೆ ಬಿದ್ದರೆ ಗುಡಿಯಿಂದ ಸೀದಾ ತುಮಕೂರು. ಎಡಗಡೆ ಬಿದ್ದರೆ ನಾನು ಬಾಯಿ ಬಿಡುವಂತಿಲ್ಲ.

ಈ ಸಲ ಪೂಜಾರಪ್ಪ ಭಯಭಕ್ತಿಯಿಂದ ಎರಡೂ ಕಡೆ ಎಷ್ಟು ನೀರು ಹಾಕಿದರೆಂದರೆ, ಹೂಗಳು ಗೋಡೆಗೆ ಹಚ್ಚಿದ ಪೋಸ್ಟರಿನಂತೆ ಮೆತ್ತಿಕೊಂಡವು. ಅವ್ವ ಕೂತಳು. ಹೂ ಬೀಳಲಿಲ್ಲ. ಬೆಳಗಿನ ಪೂಜೆಗೆ ಬಂದವರು ತೀರ್ಥ ತೆಗೆದುಕೊಂಡು ಹೋದರು, ಮೊಸರನ್ನದ ಪ್ರಸಾದ ಖಾಲಿಯಾಯಿತು, ಪೂಜಾರಪ್ಪ ಮನೆಗೆ ಹೋಗಿ ತಿಂಡಿ ತಿಂದು ಬಂದರು. ಹೂ ಅಲ್ಲಾಡಲಿಲ್ಲ. ಅವ್ವನ ಹಣೆಯಲ್ಲಿ ಬೆವರಿಳಿಯುತ್ತಿತ್ತು, ಕಾಲು ನಡುಗುತ್ತಿತ್ತು. ನಾನು ಅಮ್ಮನನ್ನೇ ದುರುಗುಟ್ಟಿ ನೋಡಿದೆ. ಕೊಡುವುದಿದ್ದರೆ ಕೊಡು, ಯಾಕೆ ಸತಾಯಿಸುತ್ತೀಯ ಎಂದು ಮನಸ್ಸಿನಲ್ಲೇ ಜಗಳಕ್ಕೆ ನಿಂತೆ.

ಇದ್ದಕ್ಕಿದ್ದಂತೆ ಅವ್ವ ನನ್ನ ಕಡೆ ಕೈ ಚಾಚಿ, "ಎತ್ತೇ ನನ್ನ" ಎಂದಳು.

"ಹೂ ಕೊಡದೆ ಏಳಂಗಿಲ್ಲ ಕಣವ್ವ!" ಪೂಜಾರಪ್ಪ ಗಾಬರಿಯಾದರು.

ತಮ್ಮನೂ ನಾನೂ ರೆಟ್ಟೆ ಹಿಡಿದು ಎತ್ತಿದೆವು. ಅವ್ವ ಸೆರಗು ಸರಿಮಾಡಿಕೊಂಡು, ಪಕ್ಕದ ಮನೆಯವಳ ಜೊತೆ ಮಾತಾಡುವ ಹಾಗೆ ಅಮ್ಮನಿಗೆ ಹೇಳಿದಳು: "ನೋಡವ್ವ, ನೀನು ಕೊಡೋಗಂಟ ಕಾಯಾಕೆ ನಂಗೆ ಮಂಡಿ ಬೇಕು. ಮಾಡ್ಸ್ಕಂಡು ಬತ್ತೀನಿ. ಬಂದ್ಮ್ಯಾಲೆ ಕುರ್ಚಿ ಹಾಕ್ಕಂಡು ಕೇಳ್ತೀನಿ. ಬೇಜಾರು ಮಾಡ್ಕಬ್ಯಾಡ."

ನಾವು ಮೆಟ್ಟಿಲಿಳಿಯುತ್ತಿದ್ದಾಗ ಒಳಗಿನಿಂದ ಪೂಜಾರಪ್ಪ ಕೂಗಿದರು. "ಬಿತ್ತು! ಬಿತ್ತು ಕಣವ್ವ!"

ಯಾವ ಕಡೆ ಎಂದು ತಮ್ಮ ತಿರುಗಿದ. ನಾನೂ ತಿರುಗಿದೆ. ಅವ್ವ ತಿರುಗಲಿಲ್ಲ.

"ನಡೀರಿ, ಡಾಕ್ಟ್ರು ಹೊಂಟೋಯ್ತಾರೆ" ಎಂದಳು.