ತಾನ ಇಳಿಯೂ ನೀರು

ಮುಂಬೈಗೆ ಹೋಗೂ ಹುಚ್ಚು ನಂದಲ್ಲ, ನಮ್ಮ ಮನಿಯವರದು. ಆ ವರ್ಷ ಕಬ್ಬು ಲಗೂ ಫ್ಯಾಕ್ಟರಿಗೆ ಹೋಗಿ ಕೈಯಾಗ ಕೆಲಸ ಇರಲಿಲ್ಲ. "ಒಂದ್ಸಲ ಸಮುದ್ರ ನೋಡಿ ಬರೂನು ನಡೀ, ಸತ್ತ ಮ್ಯಾಲೆ ಯಾರ್ ತೋರಸ್ತಾರ?" ಅಂದ್ರು. ನಮ್ಮತ್ತಿಗೆ ಸಿಟ್ಟು ಬಂತು. "ಬಿಡ್ತು ಅನ್ನು! ಎಂಥಾ ಮಾತಾಡ್ತೀಯೋ" ಅಂತ ಬೈದ್ಲು. ಬೈಕೋತನ ತನ್ನ ಚೀಲಾನೂ ಕಟ್ಟಿದ್ಲು.

ನಮ್ಮದು ಉಗಾರ ಬುದ್ರುಕ, ಕೃಷ್ಣಾ ಹೊಳಿ ದಂಡಿ. ಹೊಳಿ ಬರತೈತಿ ಅಂದ್ರ ನಮ್ಮ ಮಂದಿ ಕೂತು ವಿಚಾರ ಮಾಡೂದಿಲ್ಲ. ದನಾ ಬಿಚ್ಚತಾರ, ಮುದುಕರನ್ನ ಎಬ್ಬಸ್ತಾರ, ಒಲಿ ಮ್ಯಾಲಿನ ಅನ್ನ ಅರ್ಧ ಬೆಂದಿದ್ರೂ ಇಳಿಸಿ ಎತ್ತರದ ಕಡೆ ನಡೀತಾರ. ಇಲ್ಲಿ ಬಿಸಲು ಬಿದ್ದಿದ್ರೂ ಅತ್ತ ಮಹಾರಾಷ್ಟ್ರದಾಗ ಮ್ಯಾಲಿನ ಡ್ಯಾಮಿನಿಂದ ನೀರು ಬಿಟ್ಟಿರತಾರ. ಏರಿದ ನೀರು ಎಂದ ಇಳೀತೈತಿ ಅಂತ ದೇವರಿಗೂ ಗೊತ್ತಿರೂದಿಲ್ಲ. "ಹೊಳಿ ಬಂದಾಗ ಕೂತಾಂವ ಕೆಟ್ಟ" ಅಂತ ಅತ್ತಿ ಹೇಳೂದು. ಆಕಿ ಸಣ್ಣಾಕಿದ್ದಾಗ ಆಕಿ ಕಾಕಾ ಒಬ್ಬಾಂವ ಹಂಗ ಕೂತು ನೀರಾಗ ಹೋಗಿದ್ದ.

ಮುಂಬೈದಾಗ ಸೆಕಿ ಅಂದ್ರ ಸೆಕಿ, ಮೈಮ್ಯಾಲಿನ ಬೆವರು ಆರೂದ ಇಲ್ಲ. ಮರಾಠಿ ನಮಗ ಬರತೈತಿ ಅಂತ ಧೈರ್ಯಾ ಮಾಡಿ ಹೋಗಿದ್ವಿ. ಒಂದ ಬಸ್ಸಿನ್ಯಾಗ ಗುಜರಾತಿ, ತಮಿಳು, ಭೋಜಪುರಿ, ಏನೇನೋ ಕೇಳಿ ಅತ್ತಿ ನನ್ನ ಸೆರಗು ಹಿಡಕೊಂಡ ಕೂತ್ಲು. ಸಮುದ್ರದ ನಡುವ ಒಂದು ದರ್ಗಾ ಐತಿ, ನಡಕೋತ ಹೋಗಬಹುದು ಅಂತ ಲಾಡ್ಜಿನ್ಯಾಗ ಹೇಳಿದ್ರು. ನಮ್ಮೂರಾಗ ಉರುಸಿಗೆ ಮುಲ್ಲಾನ ಕಡೆ ಸಕ್ಕರಿ ಓದಿಸೂ ಮಂದಿ ನಾವು, ಬಿಡತೀವೇನು? ದಂಡಿಯಿಂದ ದರ್ಗಾದ ತನಕ ಸಣ್ಣದೊಂದು ದಾರಿ, ಎರಡೂ ಕಡೆ ನೀರು. ನನಗ ಆ ದಾರಿ ಮನಸಿಗೆ ಬರಲಿಲ್ಲ.

ಸಕ್ಕರಿ ಓದಿಸಿ ಹೊರಗ ಬಂದು ನೆರಳಾಗ ಕೂತಿದ್ವಿ. ಅತ್ತಿನ ಮೊದಲ ನೋಡಿದ್ಲು. ಬರೂಮುಂದ ಒಣಾ ಇದ್ದ ದಾರಿ ಹಸಿ ಆಗಿತ್ತು. ನೋಡನೋಡತ ಅದರ ಮ್ಯಾಲೆ ನೀರು ಹರಿಯಾಕತ್ತು. "ಲೇ ಅಪ್ಪಾ, ಏಳೋ! ಹೊಳಿ ಬಂತು!" ಅಂತ ಚೀರಿದ್ಲು. ಸುತ್ತಲಿನ ಮಂದಿ ಕಿತ್ತಳಿ ಹಣ್ಣು ಸುಲಕೋತ ಆರಾಮ ಕೂತಿದ್ರು. ಇವರಿಗೆಲ್ಲಾ ಏನಾಗೇತಿ, ಸಾಯಾಕ ಕೂತಾರೇನು ಅನಿಸ್ತು ನನಗ. ನಾವು ಮೂವರೂ ಚಪ್ಪಲಿ ಕೈಯಾಗ ಹಿಡಕೊಂಡು, ಜೀವದ ಹೆದರಿಕಿಗೆ ಓಡಿದ್ವಿ.

ದಾರಿ ನಡುವ ಬರೂದ್ರಾಗ ನೀರು ಮೊಣಕಾಲಿಗೆ ಬಂತು. ಹೊಳಿ ಒಂದ ಕಡಿಯಿಂದ ನೂಕತೈತಿ, ಇದು ಎರಡೂ ಕಡಿಯಿಂದ ಹೊಡಿಯಾಕತ್ತು. ತುಂಬಿದ ಕೃಷ್ಣಾ ಈಸಿದ ನಮ್ಮ ಮನಿಯವರು ಒಂದ ತೆರಿ ಹೊಡತಕ್ಕ ದಬಕ್ಕನ ಬಿದ್ರು. ಎದ್ರು, ಮತ್ತ ಬಿದ್ರು. ನಾ "ಯಪ್ಪಾ ಮಲ್ಲಯ್ಯಾ" ಅಂದೆ. ಅಷ್ಟರಾಗ ದರ್ಗಾದ ಮುಂದ ಹೂವು ಮಾರಾಂವ ಒಬ್ಬಾಂವ ನೀರಾಗ ಇಳಿದು ಬಂದು ಅವರ ಕಾಲರ್ ಹಿಡದ. ನಮ್ಮನ್ನೂ ಬೈಕೋತ ಹಿಂದಕ್ಕ ಎಳಕೊಂಡ ಹೋದ. "ಹುಚ್ಚ ಹಿಡದೈತೇನು? ಇಲ್ಲೆ ಕೂಡ್ರಿ. ದಿನಾ ಹಿಂಗ ಏರತೈತಿ, ತಾನ ಇಳೀತೈತಿ" ಅಂತ ಹಿಂದಿಯೊಳಗ ಒದರಿದ. ಅವನ ಉಪಕಾರ ಎಷ್ಟ ಹೇಳಿದ್ರೂ ಕಡಿಮಿ.

ಕೂತ್ವಿ. ಬುರ್ಖಾದ ಹೆಂಗಸೊಬ್ಬಾಕಿ ಅತ್ತಿ ಕೈಯಾಗ ಖಜೂರ ಇಟ್ಲು. ಅತ್ತಿ ಅದನ್ನ ತಿನ್ನಲಿಲ್ಲ, ನೀರು ನೋಡಕೋತ ಕೂತ್ಲು. ಹೊತ್ತು ಇಳಿಯೂ ಮುಂದ ನೀರೂ ಇಳೀತು. ದಾರಿ ಮತ್ತ ಕಂಡಿತು, ಮಂದಿ ಏನೂ ಆಗಿಲ್ಲದಂಗ ಎದ್ದು ನಡದ್ರು. ನಮ್ಮ ಮನಿಯವರು ಮಾತ್ರ ನಿಂತಲ್ಲೆ ನಿಂತು ನಗಾಕತ್ರು. "ಎಷ್ಟ ವರ್ಷ ಸುಮ್ಮಸುಮ್ಮನ ಓಡೇವಲ್ಲಾ ನಾವು!" ಅಂದ್ರು. ಆ ನಗಿ ನನಗ ಸೇರಲಿಲ್ಲ.

ಊರಿಗೆ ಬಂದ ಮ್ಯಾಲೆ ಚಾದಂಗಡಿಯಾಗ ಇವರದು ಅದ ಪುರಾಣ. ನೀರಿಗೆ ಹೆದರಬಾರದಂತ, ಎತ್ತರದಾಗ ಸುಮ್ಮನ ಕೂಡಬೇಕಂತ. "ಅದು ಸಮುದ್ರಪ್ಪಾ, ಇದು ಹೊಳಿ" ಅಂತ ಅತ್ತಿ ತಿಳಿಸಿ ಹೇಳಿದ್ಲು. "ನೀರು ನೀರ ಅಲ್ಲೇನವ್ವಾ" ಅಂದ್ರು. ಎರಡು ಅಕ್ಷರ ಕಲಿಯೂದಕಿಂತ ಒಂದು ಅಕ್ಷರ ತಪ್ಪು ಕಲಿಯೂದು ಗಂಡಸರಿಗೆ ಎಷ್ಟ ಸಸಾರ ನೋಡ್ರಿ.

ಶ್ರಾವಣದಾಗ ಹೊಳಿ ಬಂತು. ಪಂಚಾಯಿತಿ ಆಟೋ ಮೈಕ್ ಹಚ್ಚಿಕೊಂಡು ಓಣಿ ಓಣಿ ತಿರಗಾಕತ್ತು. ನಾ ಎಮ್ಮಿ ಬಿಚ್ಚಿದೆ, ಅತ್ತಿ ಗಂಟು ಕಟ್ಟಿದ್ಲು. ಇವರು ಮಾಳಿಗಿ ಮ್ಯಾಲೆ ಚಾಪಿ ಹಾಸಾಕತ್ತಿದ್ರು. "ನೀವು ನಡೀರಿ, ಮನಿ ನಾ ಕಾಯತೀನಿ. ಸಂಜೀಕ ಇಳೀತೈತಿ" ಅಂದ್ರು. ನಾ ಬೈದೆ, ಕಣ್ಣೀರು ಹಾಕಿದೆ, ಕೈ ಹಿಡಿದು ಜಗ್ಗಿದೆ. ಕಡೀಕ ಹಡದಾಕಿ ಮಗನ ಕಾಲ ಹಿಡದ್ಲು. ತಾಯಿನ ಮಗನ ಕಾಲ ಮುಟ್ಟಿದ್ರ ಅವನ ಆಯುಷ್ಯ ಹೋಗತೈತಿ ಅಂತಾರ ನಮ್ಮಲ್ಲಿ. ಅವರು ಗಾಬರಿಯಾಗಿ ಕಾಲ ಹಿಂದಕ್ಕ ಎಳಕೊಂಡ್ರು. ಆದ್ರ ಇಳೀಲಿಲ್ಲ.

ಗುಡ್ಡದ ಸಾಲಿಯೊಳಗ ನಮ್ಮನ್ನ ಇಟ್ಟಿದ್ರು. ಸಂಜೀಮುಂದ ಇವರ ಫೋನ್ ಬಂತು. "ನೀರು ಪಡಸಾಲಿಗೆ ಬಂದೈತಿ, ಇನ್ನೇನ ಇಳಿಯೂ ಹೊತ್ತಾತು" ಅಂದ್ರು. ದನಿಯಾಗ ನಗಿ ಇರಲಿಲ್ಲ. "ಯಾರನ್ನರ ಕಳಸ್ತೀಯೇನು?" ಅಂತನೂ ಕೇಳಿದ್ರು. ಬೋಟಿನಾವರು ಹೋದ್ರು. ಸೆಳವು ಭಾಳ ಐತಿ, ಓಣಿ ಸನೇಕ ಸೈತ ಹೋಗಾಕ ಆಗವಲ್ದು ಅಂತ ತಿರುಗಿ ಬಂದ್ರು. ಆಮ್ಯಾಲೆ ಫೋನ್ ಹತ್ತಲಿಲ್ಲ.

ಹೊಳಿ ಇಳೀತು. ಯಾರೂ ಇಳಿಸಲಿಲ್ಲ, ತಾನ ಇಳೀತು. ನಾನು ಅತ್ತಿ ಹೋಗೂದ್ರಾಗ ಮಣ್ಣಿನ ಗ್ವಾಡಿ ಕರಗಿ ಮಾಳಿಗಿ ನೆಲಕ್ಕ ಕೂತಿತ್ತು, ಅವರು ಎಲ್ಲೂ ಕಾಣಲಿಲ್ಲ. ಕೆಸರಾಗ ನಿಂತು ನಾ ಅವರನ್ನ ಬಾಯಿಗೆ ಬಂದಂಗ ಬೈದೆ, ಮದಿವ್ಯಾದಾಗಿಂದ ಬೈದಿರದಷ್ಟು. ಅತ್ತಿ ನನಗ ಸುಮ್ಮನಿರು ಅನ್ನಲಿಲ್ಲ. "ಇನ್ನಷ್ಟು ಬೈ, ಕೇಳಿಸಿದ್ರ ಸಿಟ್ಟಿಗೆದ್ದರ ಬರತಾನ" ಅಂದ್ಲು.