ಫಿಜಿಗೆ ಹೋಗಿಬಂದ ಫಿಟ್ಟರ್ ಹುಲೆಪ್ಪ

ಸಮೀರವಾಡಿಯ ಸಕ್ಕರೆ ಕಾರ್ಖಾನೆಯಲ್ಲಿ ಮಿಲ್ ಫಿಟ್ಟರ್ ಆಗಿದ್ದ ಹುಲೆಪ್ಪನಿಗೆ ಯಾವ ದೇಶದ ಸುದ್ದಿ ಆದರೂ ನಡೆಯುತ್ತಿತ್ತು. ಪಾಳಿ ಮುಗಿಸಿ ಗೇಟಿನ ಹೊರಗೆ ಚಹಾದಂಗಡಿಯಲ್ಲಿ ಕೂತನೆಂದರೆ ಊರ ಸುದ್ದಿ ದಾಟಿ, ಜಿಲ್ಲೆಯ ಸುದ್ದಿ ದಾಟಿ, ಪೇಪರಿನ ಒಳಪುಟದ ಹೊರದೇಶದ ಸುದ್ದಿಗೇ ಹೋಗುತ್ತಿದ್ದ. ಓದಿದ ಪ್ರತಿಯೊಂದರ ಮೇಲೂ ಅವನದೊಂದು ಅಭಿಪ್ರಾಯ ಇರುತ್ತಿತ್ತು. ಎಲ್ಲೋ ಒಂದು ದೇಶದಲ್ಲಿ ಸೈನ್ಯದವರು ಸರಕಾರ ಕಿತ್ತುಹಾಕಿದರು ಅಂತ ಓದಿದರೆ, "ಛಲೋ ಆತ ಬಿಡ್ರಿ, ಇನ್ನರ ಶಿಸ್ತು ಬರತೈತಿ" ಅನ್ನುತ್ತಿದ್ದ. ಕೇಳುವವರು ಚಹಾ ಕುಡಿದು ಎದ್ದುಹೋಗುತ್ತಿದ್ದರು.

ಬೀಳಗಿ ತಾಲೂಕಿನ ಕುರುಬರ ಮನೆತನ ಅವನದು, ಬೀರೇಶ್ವರನ ಒಕ್ಕಲು. ಅಜ್ಜ ಕುರಿ ಕಾಯ್ದ. ಅಪ್ಪ ಕುರಿ ಮಾರಿ ಕೃಷ್ಣೆಯ ದಂಡೆಯಲ್ಲಿ ಹೊಲ ಕೊಂಡ. ಆಲಮಟ್ಟಿಯ ಹಿನ್ನೀರು ಬಂದಾಗ ಹೊಲವೂ ಊರೂ ನೀರಿನಡಿ ಹೋದವು. ಸರಕಾರ ಎತ್ತರದ ಮೇಲೆ ಪುನರ್ವಸತಿ ಕೇಂದ್ರ ಮಾಡಿ ಜಾಗ ಕೊಟ್ಟಿತು. ಅಲ್ಲಿ ಮನೆ ಕಟ್ಟಿಸಿ ಹೆಂಡತಿ ತಾಯವ್ವನನ್ನು ಇಟ್ಟು, ತಾನು ವಾರಕ್ಕೊಮ್ಮೆ ಸಮೀರವಾಡಿಯಿಂದ ಬಂದುಹೋಗುತ್ತಿದ್ದ.

ಪುಣೆಯ ಒಂದು ಕಂಪನಿಯವರು ಫಿಜಿ ದೇಶದ ಸಕ್ಕರೆ ಮಿಲ್ಲಿನ ರಿಪೇರಿಗೆ ಫಿಟ್ಟರುಗಳನ್ನು ಹುಡುಕುತ್ತ ಬಂದದ್ದು ೨೦೦೮ರಲ್ಲಿ. ಹುಲೆಪ್ಪ ಸಂಬಳ ಕೇಳುವ ಮೊದಲೇ ಹೂಂ ಅಂದ.

"ಆ ದೇಶದಾಗ ನಮ್ಮಂಥವ್ರು ಅದಾರೇನು?" ಅಂತ ತಾಯವ್ವ ಕೇಳಿದಳು.

"ಕಬ್ಬು ಐತಂತ. ಕಬ್ಬು ಇದ್ದಲ್ಲಿ ನಮ್ಮಂಥವ್ರು ಇರಲಿಕ್ಕೇ ಬೇಕು."

ಅದು ಖರೆಯೇ ಆಗಿತ್ತು. ನೂರು ವರ್ಷದ ಹಿಂದೆ ಬ್ರಿಟಿಷರು ಕಬ್ಬಿನ ಕೆಲಸಕ್ಕೆ ಹಡಗಿನಲ್ಲಿ ಕರೆದೊಯ್ದ ಭಾರತದವರ ಮೊಮ್ಮಕ್ಕಳು ಅಲ್ಲಿ ಊರು ತುಂಬ ಇದ್ದರು. ಲೌಟೋಕಾ ಪೇಟೆಯ ಹೊರಗೆ ಅಂಥ ಒಬ್ಬರ ಮನೆಯಲ್ಲಿ ಹುಲೆಪ್ಪನಿಗೆ ಬಾಡಿಗೆಯ ಕೋಣೆ ಸಿಕ್ಕಿತು. ಮಾಲೀಕ ಬಿಸುನ್, ಅರವತ್ತು ದಾಟಿದ ಕಬ್ಬು ಬೆಳೆಗಾರ. ಅವನ ಹಿಂದಿ ಬೇರೆ, ಹುಲೆಪ್ಪನ ವಿಜಾಪುರ ಕಡೆಯ ಹಿಂದಿ ಬೇರೆ. ಎರಡೂ ಸೇರಿ ಹೇಗೋ ಮಾತು ನಡೆಯುತ್ತಿತ್ತು. ಮುಂದೆ ಹುಲೆಪ್ಪ ಆ ಮಾತುಗಳನ್ನೆಲ್ಲ ನಮ್ಮ ಕನ್ನಡದಲ್ಲೇ ಹೇಳುತ್ತಿದ್ದ. ನಾನೂ ಹಾಗೇ ಬರೆಯುತ್ತೇನೆ.

ವಿಮಾನ ನಿಲ್ದಾಣದಲ್ಲಿ ಇಳಿದಾಗ ಹೂವಿನಂಗಿ ತೊಟ್ಟವರು ಗಿಟಾರ್ ಬಾರಿಸಿ ಹಾಡಿದ್ದನ್ನು ನೋಡಿ ಯಾರೋ ಮಂತ್ರಿ ಬಂದಿರಬೇಕು ಅಂದುಕೊಂಡಿದ್ದ. ದಿನಾ ಪ್ರವಾಸಿಗರಿಗೆಲ್ಲ ಹಾಗೇ ಹಾಡುತ್ತಾರೆ ಅಂತ ಬಿಸುನ್ ಹೇಳಿದ. ಆಸ್ಟ್ರೇಲಿಯಾದವರು, ನ್ಯೂಜಿಲೆಂಡಿನವರು ಸಮುದ್ರ ನೋಡಲು ಬಂದರೆ ದೇಶದ ಒಲೆ ಉರಿಯುತ್ತಿತ್ತು. ಜನವರಿಯಲ್ಲಿ ದೊಡ್ಡ ಮಳೆ ಬಂದು ಪೇಟೆಗಳಿಗೆ ನೀರು ನುಗ್ಗಿದಾಗ ಹುಲೆಪ್ಪ ರೇಡಿಯೋ ಮುಂದೆ ಕಿವಿಯಿಟ್ಟು ಕೂತ. ಎಷ್ಟು ಪ್ರವಾಸಿಗರು ಸಿಕ್ಕಿಬಿದ್ದಿದ್ದಾರೆ, ವಿಮಾನ ಯಾವಾಗ ಅನ್ನುವುದು ಮೊದಲು. ಕಬ್ಬು ಮಲಗಿದ ಸುದ್ದಿ ಕೊನೆಗೆ.

"ನಮ್ಮಲ್ಲಿ ಆಗಿದ್ರ ಕಬ್ಬಿನ ಸುದ್ದಿ ಮೊದಲ ಬರತಿತ್ತರೀ" ಅಂದ.

"ಕಬ್ಬು ಸಿಟ್ಟಾಗಿ ಬ್ಯಾರೆ ದೇಶಕ್ಕ ಹೋಗಂಗಿಲ್ಲಲ್ಲ ಭೈಯಾ" ಅಂದ ಬಿಸುನ್.

ಏಪ್ರಿಲಿನ ಒಂದು ಮುಂಜಾನೆ ಪೇಪರು ತೆರೆದರೆ ನಡುನಡುವೆ ಬರೀ ಬಿಳಿ ಜಾಗ. ಮಶೀನು ಕೆಟ್ಟಿದೆ ಅಂದುಕೊಂಡ ಹುಲೆಪ್ಪ. ಬಿಸುನ್ ಅಡುಗೆಮನೆಯ ಕಿಟಕಿ ಹಾಕಿ ಬಂದು ಹೇಳಿದ. ಎರಡು ವರ್ಷದ ಹಿಂದೆಯೇ ಸೈನ್ಯ ಅಧಿಕಾರ ಹಿಡಿದಿತ್ತು. ಅದು ತಪ್ಪು ಅಂತ ಈಗ ಕೋರ್ಟು ಹೇಳಿದ್ದಕ್ಕೆ ಸಂವಿಧಾನವನ್ನೇ ತೆಗೆದುಹಾಕಿದ್ದರು. ಪೇಪರಿನ ಆಫೀಸಿನಲ್ಲಿ ಸರಕಾರದವರು ಕೂತು ಬೇಡದ ಸುದ್ದಿ ಹೊಡೆದುಹಾಕುತ್ತಿದ್ದರು. ಆ ಜಾಗವನ್ನು ಪೇಪರಿನವರು ಖಾಲಿ ಬಿಟ್ಟಿದ್ದರು.

ಹುಲೆಪ್ಪ ಬಿಳಿ ಜಾಗದ ಮೇಲೆ ಕೈಯಾಡಿಸಿದ. ಚಹಾದಂಗಡಿಯಲ್ಲಿ ತಾನು ಆಡಿದ ಮಾತು ನೆನಪಾಗಿ, ಕೇಳದೆ ಇರಲಾಗಲಿಲ್ಲ. "ಮತ್ತ ಶಿಸ್ತು ಬಂತೇನ್ರಿ?"

"ಬಂತು. ಸಿಪಾಯಿ ಮುಂದ ಎಲ್ಲಾರೂ ಶಿಸ್ತಿಲೇ ಇರತೀವಿ. ನೀವೂ ಇರ್ರಿ."

ಆದರೆ ಹುಲೆಪ್ಪನ ನಾಲಿಗೆ ಎಷ್ಟು ದಿನ ಸುಮ್ಮನಿದ್ದೀತು? ರವಿವಾರ ಬಿಸುನ್‌ನ ಅಂಗಳದಲ್ಲಿ ನಾಲ್ಕು ಜನ ಸೇರುತ್ತಿದ್ದರು. ಒಂದು ಗಿಡದ ಬೇರನ್ನು ಕುಟ್ಟಿ ನೀರಿನಲ್ಲಿ ಹಿಂಡಿ, ಕಟ್ಟಿಗೆಯ ದೊಡ್ಡ ಬೋಗುಣಿಯಲ್ಲಿಟ್ಟು, ತೆಂಗಿನ ಕರಟದಲ್ಲಿ ಕುಡಿಯುವುದು ಅಲ್ಲಿನ ರೂಢಿ. ನಗೋನಾ ಅನ್ನುತ್ತಿದ್ದರು. ಕುಡಿದರೆ ತುಟಿ ಜುಮ್ಮೆನ್ನುತ್ತದೆ, ಹೊಡೆದಾಟ ಆಗುವುದಿಲ್ಲ. ಅಲ್ಲಿಗೆ ಜೋಸೆಫಾ ಅನ್ನುವವನೂ ಬರುತ್ತಿದ್ದ. ಅವನು ಮೂಲ ಫಿಜಿಯವ, ಎತ್ತರದ ಆಳು, ಸಮುದ್ರದಂಡೆಯ ಹೋಟೆಲಿನಲ್ಲಿ ಪ್ರವಾಸಿಗರ ಸಾಮಾನು ಹೊರುತ್ತಿದ್ದವ. ಸೈನ್ಯ ಬಂದಮೇಲೆ ಪ್ರವಾಸಿಗರು ಕಡಿಮೆಯಾಗಿ ಅವನ ಕೆಲಸ ಹೋಗಿತ್ತು.

ಬಿಸುನ್ ಬೆಳೆಯುವ ಹೊಲ ಜೋಸೆಫಾನ ಕುಲದವರದು. ಆ ದೇಶದಲ್ಲಿ ಬಹಳಷ್ಟು ಭೂಮಿ ಮೂಲದವರ ಕುಲಗಳ ಹೆಸರಿನಲ್ಲೇ ಇದೆ, ಮಾರಲು ಬರುವುದಿಲ್ಲ, ಲಾವಣಿಗೆ, ಅಂದರೆ ವರ್ಷಗಳ ಗುತ್ತಿಗೆಗೆ ಮಾತ್ರ. ಬಿಸುನ್‌ನ ಮೂವತ್ತು ವರ್ಷದ ಲಾವಣಿ ಆ ವರ್ಷದ ಕೊನೆಗೆ ಮುಗಿಯುವುದಿತ್ತು. ಕುಲದವರು ಮುಂದುವರಿಸಲು ಒಪ್ಪಿರಲಿಲ್ಲ. ಇದು ತಿಳಿದ ಮೇಲಿನ ರವಿವಾರ ಹುಲೆಪ್ಪ ಕರಟ ಕೆಳಗಿಟ್ಟು ಮಾತು ತೆಗೆದ.

"ಇದು ಅನ್ಯಾಯ. ಇವರ ಅಜ್ಜ, ಅಪ್ಪ, ಇವರು, ಎಲ್ಲಾ ಈ ಮಣ್ಣಾಗ ಬೆವರು ಸುರಿಸ್ಯಾರ. ಈಗ ಏಳು ಅಂದ್ರ ಎಲ್ಲಿಗೆ ಹೋಗಬೇಕು? ಯಾರು ದುಡಿತಾರ, ಹೊಲ ಅವರದು."

ಬಿಸುನ್ ಬೋಗುಣಿ ನೋಡುತ್ತ ಕೂತ. ಜೋಸೆಫಾ ಸಿಟ್ಟಾಗಲಿಲ್ಲ. ಅವನಿಗೂ ಹಿಂದಿ ಬರುತ್ತಿತ್ತು. ಹತ್ತಿರ ಸರಿದು ಕೇಳಿದ.

"ನಿನ್ನ ಊರಾಗ ನಿನ್ನ ಹೊಲ ಐತೇನು?"

"ಇತ್ತು. ನಮ್ಮಪ್ಪ ಕೊಂಡಿದ್ದ. ಡ್ಯಾಮಿನ ನೀರಾಗ ಹೋತು."

"ಅದಕ್ಕಿಂತ ಮೊದಲ?"

"ಅಜ್ಜ ಕುರಿ ಕಾಯತಿದ್ದ. ಸುಗ್ಗಿ ಮುಗಿದ ಮ್ಯಾಲ ಒಕ್ಕಲಿಗರ ಹೊಲದಾಗ ರಾತ್ರಿ ಹಿಂಡು ತರುಬಿ ನಿಲ್ಲಸತಿದ್ದ. ಗೊಬ್ಬರ ಆಗತೈತಂತ ಅವ್ರು ಕರೀತಿದ್ರು. ಜ್ವಾಳ ಕೊಡತಿದ್ರು."

"ಬ್ಯಾಡ, ಏಳು ಅಂದ್ರ?"

"ಮುಂದಿನ ಹೊಲಕ್ಕ ಹೋಗತಿದ್ದ."

"ನಿಮ್ಮಜ್ಜ ಅದಕ್ಕ ಅನ್ಯಾಯ ಅಂತಿದ್ದನೇನು?"

ಅಜ್ಜ ಹಾಗೆ ಅಂದದ್ದನ್ನು ಹುಲೆಪ್ಪ ಕೇಳಿರಲಿಲ್ಲ. "ಇಲ್ಲ. ಹೊಲ ಒಕ್ಕಲಿಗರದ ಇತ್ತಲ್ಲ" ಅಂದ. ಆದರೆ ಕುರಿಗೆ ಕಾಲಿದ್ದವು, ಬಿಸುನ್‌ನ ಮನೆಗೆ ಇಲ್ಲ, ಅದೂ ಹೊಳೆಯಿತು. ಅದನ್ನೂ ಹೇಳಿದ. ಜೋಸೆಫಾ ತಲೆಯಾಡಿಸಿದ.

"ನನಗೂ ಅದು ಗೊತ್ತೈತಿ. ಹೋಟೆಲಿನವರು ನಾಳೆ ಬಾ ಅಂತಾರ, ನಾಡಿದ್ದು ಬ್ಯಾಡ ಅಂತಾರ. ನನ್ನ ಮಕ್ಕಳಿಗೆ ಇದೊಂದು ಮಣ್ಣು ಬಿಟ್ರ ಏನೈತಿ?" ಆಮೇಲೆ ಕೇಳಿದ, "ಈಗ ನೀ ಇರೋ ಮನಿ? ಅದರ ಜಾಗ ಯಾರದಿತ್ತು?"

"ಸರಕಾರ ಕೊಟ್ಟಿದ್ದು."

"ಸರಕಾರಕ್ಕ ಯಾರು ಕೊಟ್ರು?"

ಹುಲೆಪ್ಪನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನುವುದೇ ಅವನಿಗೆ ವಿಚಿತ್ರ ಅನಿಸಿತು.

ಆ ವರ್ಷದ ಕೊನೆಗೆ ಬಿಸುನ್‌ನ ಹೊಲ ಹೋಯಿತು. ಜೋಸೆಫಾ ತನ್ನ ಹಿರಿಯರ ಜೊತೆ ನಾಲ್ಕಾರು ಸಲ ಕೂತು ಮಾತಾಡಿ, ಮನೆ ಮತ್ತು ಅಂಗಳವನ್ನು ಬಿಸುನ್‌ಗೇ ಬಿಡಿಸಿಕೊಟ್ಟ. ಕಬ್ಬಿದ್ದಲ್ಲಿ ಮರಗೆಣಸು ಬಂತು. ಬಿಸುನ್ ಹಳೆಯದೊಂದು ಕಾರು ಕೊಂಡು ಪ್ರವಾಸಿಗರನ್ನು ಕೂರಿಸಿಕೊಂಡು ತಿರುಗತೊಡಗಿದ. ಸರಕಾರ ತನ್ನ ಹಣದ ಬೆಲೆ ಇಳಿಸಿದ್ದರಿಂದ ಹೊರಗಿನವರಿಗೆ ಫಿಜಿ ಅಗ್ಗವಾಗಿ, ಹೋಟೆಲುಗಳಿಗೆ ಮತ್ತೆ ಜನ ಬಂದರು. ಬಿಸುನ್, ಜೋಸೆಫಾ ಇಬ್ಬರೂ ಕೆಲವು ರವಿವಾರ ಒಂದೇ ಬೋಗುಣಿಯ ಸುತ್ತ ಕೂರುತ್ತಿದ್ದರು, ಕೆಲವು ರವಿವಾರ ಜೋಸೆಫಾ ಬರುತ್ತಿರಲಿಲ್ಲ.

"ಅವರ ಮ್ಯಾಲ ಸಿಟ್ಟು ಐತೇನ್ರಿ?" ಅಂತ ಹುಲೆಪ್ಪ ಒಮ್ಮೆ ಕಾರಿನಲ್ಲಿ ಕೇಳಿದ.

"ದಿನಾ ಒಂದೊಂದು ಥರ" ಅಂದ ಬಿಸುನ್.

೨೦೧೦ರಲ್ಲಿ ಹುಲೆಪ್ಪ ವಾಪಸು ಬಂದ. ಚಹಾದಂಗಡಿಯಲ್ಲಿ ಈ ಸಲ ಎಲ್ಲರೂ ಅವನ ಅಭಿಪ್ರಾಯ ಕೇಳಲು ತಯಾರಿದ್ದರು. ಅವನು ಬಿಸುನ್‌ನ ಮಾತು ಹೇಳಿದ, ಜೋಸೆಫಾನ ಮಾತೂ ಹೇಳಿದ. "ಅಲ್ರೀ, ಕಡೀಕ ಯಾರದು ಖರೆ?" ಅಂದರು. "ಅದನ್ನ ನಾನೂ ವಿಚಾರ ಮಾಡಾಕತ್ತೇನಿ" ಅಂದ. ಸಮುದ್ರದ ಫೋಟೋ ತೋರಿಸು ಅಂದರು.

ಮುಂದಿನ ರಜೆಯಲ್ಲಿ ಅವನು ಪುನರ್ವಸತಿ ಕೇಂದ್ರದಲ್ಲಿ ಮನೆಮನೆ ಕೇಳುತ್ತ ಹೋದ. ನಮ್ಮ ಮನೆಗಳಿರುವ ಈ ಜಾಗ ಮೊದಲು ಯಾರದಿತ್ತು? ಬಹಳ ಜನಕ್ಕೆ ಗೊತ್ತಿರಲಿಲ್ಲ. ತಮ್ಮ ಮುಳುಗಿದ ಹೊಲದ ಬದುವಿನ ಗಿಡಗಳನ್ನು ಹೆಸರು ಹಿಡಿದು ಹೇಳುವವರಿಗೆ ಕಾಲಡಿಯ ನೆಲದ ಸುದ್ದಿ ಬೇಕಾಗಿರಲಿಲ್ಲ. ಕಿರಾಣಿ ಅಂಗಡಿಯವ ಮಾತ್ರ, ಪಕ್ಕದ ಹಳ್ಳಿಯ ಶಂಕ್ರೆವ್ವ ಅನ್ನುವವರ ಹೊಲ ಈ ಕಡೆ ಇತ್ತಂತೆ, ಸರಕಾರ ತಗೊಂಡಿತಂತೆ ಅಂದ. ಹುಲೆಪ್ಪ ತಾಯವ್ವನನ್ನು ಕರೆದುಕೊಂಡು ಹೋದ.

ಶಂಕ್ರೆವ್ವ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದಳು. ಬಂದ ಕಾರಣ ಹೇಳಿದರು. ಅವಳು ಅವರ ಮುಖ ನೋಡದೆ ಕೇಳಿದಳು.

"ನಿಮ್ಮ ಮನಿ ಯಾವ ಸಾಲಿನಾಗ ಐತ್ರಿ?"

"ಕನ್ನಡ ಸಾಲಿ ಹಿಂದಿನ ಸಾಲು. ಮೂಲಿ ಮನಿ."

"ಅಡಗಿಮನಿ ಗ್ವಾಡಿ ಸೀಳೈತೇನು?"

ತಾಯವ್ವ ಬೆರಗಾದಳು. ಎಷ್ಟು ಸಲ ಸಿಮೆಂಟು ಬಳಿದರೂ ಆ ಗೋಡೆ ಬಿರುಕು ಬಿಡುತ್ತಿತ್ತು. "ಹೂಂರಿ ಯವ್ವಾ. ನಿಮಗ ಹ್ಯಾಂಗ ಗೊತ್ತು?"

"ಅಲ್ಲಿ ನಮ್ಮ ಬಾವಿ ಇತ್ತು. ಮಣ್ಣು ಹಾಕಿ ಮುಚ್ಚಿದ್ರು. ಬಾವಿ ಅಷ್ಟು ಲಗೂ ತುಂಬಂಗಿಲ್ಲ."

ಅವಳಿಗೆ ಅದನ್ನು ನೋಡಬೇಕಾಗಿತ್ತು. ಹೊಲ ಹೋದ ಮೇಲೆ ಆ ಕಡೆ ಕಾಲಿಟ್ಟಿರಲಿಲ್ಲವಂತೆ. ಬಂದು ಅಡುಗೆಮನೆಯಲ್ಲಿ ನಿಂತು ಗೋಡೆ ಮುಟ್ಟಿದಳು. ಇಲ್ಲಿ ಬಿಳಿಜೋಳ, ಅಲ್ಲಿ ಕುಸುಬಿ, ಶಾಲೆಯ ಮುಂದೆ ಮಾವಿನ ಗಿಡ ಅಂತ ಬೆರಳು ತೋರಿಸಿದಳು. ಹುಲೆಪ್ಪ ಒಂದೊಂದೇ ಕೇಳುತ್ತ ಹೋದ. ಬಾವಿ ಎಷ್ಟು ಆಳ, ನೀರು ಸಿಹಿಯೋ ಉಪ್ಪೋ, ಕುರಿಯವರು ಹಿಂಡು ತರುಬುತ್ತಿದ್ದರೋ.

"ಹೂಂ, ತರುಬತಿದ್ರು. ಹೊಳಿದಂಡಿ ಕುರುಬರು ಬರತಿದ್ರು" ಅಂದಳು ಶಂಕ್ರೆವ್ವ. ಅವರ ಹೆಸರು ಅವಳಿಗೆ ನೆನಪಿರಲಿಲ್ಲ. ತನ್ನ ಅಜ್ಜನೇ ಇರಬಹುದೇ ಅಂತ ಹುಲೆಪ್ಪ ಬಹಳ ಕೆದಕಿದ, ತಿಳಿಯಲಿಲ್ಲ.

"ನಮ್ಮ ಮ್ಯಾಲ ಸಿಟ್ಟು ಐತೇನ್ರಿ?" ಅಂತ ಕೊನೆಗೆ ಕೇಳಿದ.

"ಇತ್ತು. ನಿಮ್ಮ ಮನಿ ನಾ ನೋಡಿದ್ದಿಲ್ಲಲ್ಲ, ಆವಾಗ ಸಿಟ್ಟು ಮಾಡೂದು ಸಸಾರ ಇತ್ತು" ಅಂದು ಅವಳು ಚಹಾ ಕುಡಿದಳು.

ಆ ವರ್ಷ ಎಳ್ಳ ಅಮಾವಾಸ್ಯೆಗೆ ಎಲ್ಲರೂ ಬುತ್ತಿ ಕಟ್ಟಿಕೊಂಡು, ಭೂಮಿತಾಯಿಗೆ ಎಡೆಯಾಗಿ ಹೊಲದಲ್ಲಿ ಚರಗ ಚೆಲ್ಲಲು ಹೊರಟಿದ್ದರು. ಹೊಲವಿಲ್ಲದ ಹುಲೆಪ್ಪನ ಮನೆಯ ಮುಂದೆ ಶಂಕ್ರೆವ್ವ ಬುಟ್ಟಿ ಹೊತ್ತು ಬಂದು ನಿಂತಳು. ಒಳಗೆ ಸಜ್ಜಿ ರೊಟ್ಟಿ, ಭಜ್ಜಿ, ಎಳ್ಳ ಹೋಳಿಗೆ. "ಬಾವಿ ಇದ್ದಲ್ಲಿ ಒಂದೀಟು ಚೆಲ್ಲಲೇನ್ರಿ?" ಅಂತ ಕೇಳಿದಳು. ತಾಯವ್ವ ಅಡುಗೆಮನೆಯ ಪಾತ್ರೆಗಳನ್ನು ಬದಿಗೆ ಸರಿಸಿದಳು. ಆಮೇಲೆ ಮೂವರೂ ಹಿತ್ತಲಲ್ಲಿ ಕೂತು ಉಂಡರು. ಫಿಜಿಯಲ್ಲಿ ಜೋಳ ಬೆಳೆಯುತ್ತಾರೇನು ಅಂತ ಶಂಕ್ರೆವ್ವ ಕೇಳಿದಳು. ಇಲ್ಲ ಅಂದ ಹುಲೆಪ್ಪ. ಮತ್ತೆ ಅಲ್ಲಿಯ ಜನ ಏನು ಉಣ್ಣುತ್ತಾರೆ ಅಂತ ಅವಳು ಮತ್ತೊಂದು ರೊಟ್ಟಿ ಮುರಿಯುತ್ತ ಕೇಳಿದಳು.