ಸುಮತಿಯ ಬಯಕೆಗೆ ಮಾವಿನಕಾಯಿ

ಮಾರಿಕುಪ್ಪಂ ರೈಲಿನಲ್ಲಿ ಎದುರು ಕೂತಿದ್ದ ಹೂ ಮಾರುವ ಅಜ್ಜಿ ನನ್ನ ಮಡಿಲಿಗೆ ನಾಲ್ಕು ಮಾವಿನಕಾಯಿ ಸುರಿದು, "ನಿಮ್ ಸುಮತಿಗೆ ಕೊಡವ್ವಾ. ಬಸುರಿ ಎಂಗ್ಸು, ಬಯಕೆ ಇರ್ತೈತೆ" ಎಂದರು. ನಾನೂ ಗೆಳತಿ ಶಾಂತಿಯೂ ಮುಖ ಮುಖ ನೋಡಿಕೊಂಡೆವು. ಸುಮತಿ ನಾವಿಬ್ಬರೂ ಓದುತ್ತಿರುವ ಕಾದಂಬರಿಯ ನಾಯಕಿ! ಅವಳು ಗಂಡನನ್ನು ಬಿಡಲೇಬೇಕೆಂದು ನಾನು, ಕೂಡದೆಂದು ಶಾಂತಿ, ವಾರದಿಂದ ದಿನಾ ಬಂಗಾರಪೇಟೆವರೆಗೂ ಅಜ್ಜಿಯ ಎದುರೇ ಜಗಳವಾಡುತ್ತಿದ್ದೆವು.

ನಗು ತಡೆಯುತ್ತಲೇ ನಿಜ ಹೇಳಿದೆ. ಅಜ್ಜಿ ಕಾಯಿ ವಾಪಸ್ ತೆಗೆದುಕೊಳ್ಳಲಿಲ್ಲ. "ಕತೆಯೋಳಾದ್ರೇನು, ಬಸುರಿ ಬಸುರೀನೇ. ಮೊದ್ಲು ಎರಿಗೆ ಆಗ್ಲಿ, ಆಮ್ಯಾಕೆ ಆ ಗಂಡನ್ನ ನೋಡ್ಕೊಳ್ಳಾನ!" ಇಡೀ ಬೋಗಿ ಗೊಳ್ಳೆಂದಿತು.

ಕಾಯಿಗೆ ಉಪ್ಪು ಖಾರ ಹಚ್ಚಿ ನಾವೇ ತಿಂದೆವು. ಅಂದಿನಿಂದ ಒಂದು ಪುಟ ಹಾರಿಸಲೂ ನನಗೆ ಧೈರ್ಯವಿಲ್ಲ. ದಿನಾ ರೈಲು ಹತ್ತುತ್ತಲೇ ಅಜ್ಜಿ ಕೇಳುತ್ತಾರೆ, ಸುಮತಿಗೆ ಈಗೆಷ್ಟು ತಿಂಗಳು ಎಂದು.